ಶೆಡ್ಡಿಗೆ ವೈರ್ ಎಳೆಯೋ ಮುಂಚೆ ಇದನ್ನ ಓದ್ರಿ: ಎಂಸಿಬಿ ನಿಮ್ಮ ಜೀವ ಕಾಯೋದಿಲ್ಲ

ಭತ್ತದ ಸಸಿ ಮಡಿಗೆ ಬಿದ್ದ ಕಾಂಡಕೊರಕದ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಹೋತು. ಈ ಸಲ ಹೊಲದ ಮಾತಲ್ಲ, ಶೆಡ್ಡಿನ ಮಾತು. ಭಾನುವಾರ ಬ್ರೂಸ್‌ಪೇಟೆಯ ನಮ್ಮ ಅಕ್ಕನ ಮನೆಗೆ ಹೋಗಿ ಒಬ್ಬ ವೈರ್‌ಮನ್ ಜೊತೆ ಜಗಳ ಮಾಡಿಕೊಂಡು ಬಂದೀನಿ. ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಾಳೆ. ಜಗಳ ಯಾಕೆ ಮಾಡಿದೆ ಅಂತ ಪೂರ್ತಿ ಬರೀತೀನಿ, ತಪ್ಪಿದ್ರೆ ನೀವೇ ಬೈರಿ.

ಅಳಿಯ ಮನೆಯ ಹಿಂದೆ ಕಾರು ನಿಲ್ಲಿಸೋಕೆ ಶೆಡ್ ಹಾಕಿಸಿದ್ದಾನೆ. ಕಬ್ಬಿಣದ ಕಂಬ, ಮೇಲೆ ತಗಡು, ಕೆಳಗೆ ಸಿಮೆಂಟ್ ನೆಲ. ಒಂದು ಲೈಟು, ಕರೆಂಟಿನ ಸ್ಕೂಟರ್ ಚಾರ್ಜ್ ಮಾಡೋಕೆ ಒಂದು ಪ್ಲಗ್ಗು, ಕಾರು ತೊಳೆಯೋ ಪ್ರೆಷರ್ ಪಂಪಿಗೆ ಇನ್ನೊಂದು. ವೈರ್‌ಮನ್ ಹಾಕಿದ ಲೆಕ್ಕ ಹೀಗಿತ್ತು: ಅಡುಗೆಮನೆ ಪ್ಲಗ್ಗಿನಿಂದ ಎರಡು ಎಳೆಯ ಸಾದಾ ವೈರು ತೆಗೆದು, ಕಾಂಪೌಂಡ್ ಗೋಡೆಯ ಮೇಲೆ ಮೊಳೆ ಹೊಡೆದು ಕಟ್ಟಿ, ತಗಡಿನ ಅಂಚಿನ ಮೇಲಿಂದ ಶೆಡ್ಡಿನೊಳಗೆ ಇಳಿಸೋದು. ಎರಡೇ ಎಳೆ, ಅಂದರೆ ಅರ್ಥ್ ಇಲ್ಲ. ನಾನು ಕೇಳಿದೆ, "ಏನಪ್ಪಾ, ಅರ್ಥ್ ಎಲ್ಲಿ? ಆರ್‌ಸಿಸಿಬಿ ಎಲ್ಲಿ?" ಅವನು ನಕ್ಕ. "ಯಜಮಾನ್ರ, ಶೆಡ್ಡಿಗೆ ಯಾರು ಅರ್ಥ್ ಕೊಡ್ತಾರ? ಮನಿಯಾಗ ಎಂಸಿಬಿ ಐತಲ್ರಿ. ಶೆಡ್ಡಿನ್ಯಾಗೂ ಇನ್ನೊಂದು ಹಾಕ್ತೀನಿ. ಎರಡು ಎಂಸಿಬಿ ಆತು, ಡಬಲ್ ಸೇಫ್ಟಿ."

ಎರಡು ಕೊಡೆ ಹಿಡಿದ್ರ ಹಾವು ಕಡಿಯೋದು ತಪ್ತದೇನಪಾ ಅಂದೆ. ಅಲ್ಲಿಂದ ಶುರುವಾಯ್ತು.

ಅವನೊಬ್ಬನ ಮಾತಾಗಿದ್ರೆ ಬಿಡ್ತಿದ್ದೆ. ಇದು ಊರೆಲ್ಲಾ ಹೇಳೋ ಮಾತು. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಎಲ್ಲಿ ಹೋದರೂ "ಎಂಸಿಬಿ ಐತಿ, ಏನಾಗಲ್ಲ ಬಿಡ್ರಿ." ನಾನೂ ಹಾಗೇ ಅಂದುಕೊಂಡಿದ್ದವನೇ. 2014ರ ಮಳೆಗಾಲದ ತನಕ.

ಆಗ ನಮ್ಮ ಹೊಲದ ಮನೆಯಿಂದ ಟ್ರ್ಯಾಕ್ಟರ್ ಶೆಡ್ಡಿಗೆ ಬೇವಿನ ಮರದ ಮೇಲಿಂದ ವೈರ್ ಎಳೆಸಿದ್ದೆ. ಒಂದು ಬಲ್ಬು, ಮೇವು ಕತ್ತರಿಸೋ ಮಷಿನ್ನಿಗೆ ಒಂದು ಪ್ಲಗ್ಗು. ಹೊಸ 16 ಆಂಪಿಯರಿನ ಎಂಸಿಬಿ, ಒಳ್ಳೇ ಕಂಪನಿಯದೇ. ಗಾಳಿಗೆ ವೈರು ತೂಗಾಡಿ ತೂಗಾಡಿ ತಗಡಿನ ಅಂಚಿಗೆ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಹರಿದಿತ್ತು. ಒಣಗಿದ್ದಾಗ ಏನೂ ಗೊತ್ತಾಗಲಿಲ್ಲ. ಎರಡು ದಿನ ಮಳೆ ಹಿಡಿಯಿತು. ತಗಡಿಗೆ ಕರೆಂಟು, ತಗಡಿನಿಂದ ಕಂಬಕ್ಕೆ ಕರೆಂಟು, ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ಎತ್ತು. ಬೆಳಗ್ಗೆ ಐದೂವರೆಗೆ ನಮ್ಮ ಮನೆಯವರು ಸ್ಟೀಲಿನ ಬಕೆಟ್ಟಿನಲ್ಲಿ ನೀರು ತಗೊಂಡು ಹೋಗೋದು ರೂಢಿ. ಅವತ್ತು ಹತ್ತು ಹೆಜ್ಜೆ ದೂರ ಇರುವಾಗ ಎತ್ತು ಬಿದ್ದಿರೋದು ಕಂಡು ಕೂಗಿದಳು. ಹತ್ತೇ ಹೆಜ್ಜೆ. ಬರಿಗಾಲು, ಹಸಿ ನೆಲ, ಕೈಯಲ್ಲಿ ಸ್ಟೀಲ್ ಬಕೆಟ್. ನಾನು ಓಡಿಹೋಗಿ ಮೇನ್ ಆಫ್ ಮಾಡಿದೆ. ಆಮೇಲೆ ನೋಡಿದರೆ ಎಂಸಿಬಿ ಆನ್‌ನಲ್ಲೇ ಇದೆ. ರಾತ್ರಿಯಿಡೀ ಆನ್‌ನಲ್ಲೇ ಇತ್ತು. ಅದರ ಪಾಲಿಗೆ ಅಲ್ಲಿ ಏನೂ ನಡೆದೇ ಇಲ್ಲ.

ಅವತ್ತು ಎಂಸಿಬಿಯನ್ನ ಬೈದೆ. ತಪ್ಪು ಅದರದಲ್ಲ ಅಂತ ಆಮೇಲೆ, ಮಗ ಡಿಪ್ಲೊಮಾ ಎಲೆಕ್ಟ್ರಿಕಲ್ ಸೇರಿದ ಮೇಲೆ ಗೊತ್ತಾಯ್ತು. ನಾನು ಎಸ್ಸೆಸ್ಸೆಲ್ಸಿ. ಅವನ ಪುಸ್ತಕ ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿದ ಅರ್ಧದಲ್ಲಿ ಇದೊಂದು ಲೆಕ್ಕ ಇತ್ತು, ಏಳನೇ ಕ್ಲಾಸಿನ ಭಾಗಾಕಾರ ಬಂದರೆ ಸಾಕು.

ವೋಲ್ಟೇಜು 230. ಕರೆಂಟು ಕಬ್ಬಿಣದ ಕಂಬದಿಂದ ಮಣ್ಣಿಗೆ ಇಳಿದು, ಮಣ್ಣಿನ ಮೂಲಕ ಟಿಸಿಯ ಬುಡದ ಅರ್ಥಿಗೆ ವಾಪಸ್ ಹೋಗಬೇಕು. ಮಣ್ಣು ಅದನ್ನ ತಡೀತದೆ. ಆ ತಡೆ 20 ಓಮ್ ಅಂತ ಇಟ್ಟುಕೊಳ್ರಿ. 230ನ್ನ 20ರಿಂದ ಭಾಗಿಸಿ. ಹನ್ನೊಂದೂವರೆ ಆಂಪಿಯರ್. ಎಂಸಿಬಿ 16ರದ್ದು. ಅದಕ್ಕೆ ಹನ್ನೊಂದೂವರೆ ಅಂದರೆ ಯಾರೋ ಹೀಟರ್ ಹಚ್ಚಿದ್ದಾರೆ ಅಷ್ಟೇ. ಬೀಳೋದೇ ಇಲ್ಲ. ಅಷ್ಟೇ ಅಲ್ಲ, 16ರ ಎಂಸಿಬಿಗೆ 23 ಆಂಪಿಯರ್ ಹೋದರೂ ಕಟ್ಟಾಗೋಕೆ ಒಂದು ಗಂಟೆಯ ತನಕ ಟೈಮ್ ತಗೊಳ್ಳೋಕೆ ಅದರ ಸ್ಟಾಂಡರ್ಡೇ ಬಿಡ್ತದೆ. ತಟ್ಟನೆ ಬೀಳಬೇಕಂದ್ರೆ, ನಮ್ಮ ಕಡೆ ಮಾರೋ ಸಿ ಕರ್ವ್ ಎಂಸಿಬಿಗೆ 80ರಿಂದ 160 ಆಂಪಿಯರ್ ಹರೀಬೇಕು. ನಮ್ಮ ಮಣ್ಣಿನ ಮೂಲಕ ಅಷ್ಟು ಹರಿಯೋದು ಕನಸಿನ ಮಾತು.

ನಮ್ಮ ಮಣ್ಣಿನ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ಎರೆಭೂಮಿ ಮಳೆಗಾಲದಲ್ಲಿ ಒಳ್ಳೇ ಅರ್ಥ್ ಕೊಡ್ತದೆ. ಏಪ್ರಿಲ್ ಮೇ ಬಂತೋ, ಕೈ ತೂರಿಸುವಷ್ಟು ಬಿರುಕು. ಅರ್ಥಿಂಗ್ ಪೈಪಿನ ಸುತ್ತ ಮಣ್ಣೇ ಬಿಟ್ಟುಕೊಂಡು ನಿಂತಿರ್ತದೆ. ಮಸಾರಿ ಹೊಲದಲ್ಲಿ ಗರಸು, ಅಲ್ಲಿ ನೀರೇ ನಿಲ್ಲೋದಿಲ್ಲ. ಮಗ ಒಮ್ಮೆ ಅರ್ಥ್ ಟೆಸ್ಟರ್ ತಂದು ನಮ್ಮ ಗುಂಡಿ ಅಳೆದಾಗ ಆಗಸ್ಟಿನಲ್ಲಿ 9 ಓಮ್ ಇದ್ದದ್ದು ಏಪ್ರಿಲ್ಲಿನಲ್ಲಿ 22 ಆಗಿತ್ತು. ಅದೂ ಇದ್ದಲು ಉಪ್ಪು ಹಾಕಿ ಮಾಡಿಸಿದ ಸರಿಯಾದ ಗುಂಡಿ. ಅರ್ಥಿಂಗ್ ಒಂದನ್ನೇ ನಂಬಿ ಎಂಸಿಬಿ ಬೀಳ್ತದೆ ಅಂತ ಕೂತರೆ ಬೇಸಿಗೆಯಲ್ಲಿ ಒಂದು ನ್ಯಾಯ, ಮಳೆಗಾಲದಲ್ಲಿ ಒಂದು ನ್ಯಾಯ.

ಎಂಸಿಬಿ ಇರೋದು ವೈರು ಕಾಯೋಕೆ. ಓವರ್‌ಲೋಡ್ ಆಗಿ, ಶಾರ್ಟ್ ಆಗಿ ವೈರು ಸುಟ್ಟು ಮನೆಗೆ ಬೆಂಕಿ ಬೀಳಬಾರದು ಅಂತ. ಆ ಕೆಲಸ ಚೆನ್ನಾಗಿ ಮಾಡ್ತದೆ, ಮಾಡಲಿ. ಮನುಷ್ಯನ ಎದೆಯಲ್ಲಿ ಎಷ್ಟು ಹರೀತಿದೆ ಅಂತ ಅದಕ್ಕೆ ಕಾಣೋದೇ ಇಲ್ಲ.

ಎದೆಗೆ ಎಷ್ಟು ಸಾಕು? ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್‌ಜೀಲ್ ಅಂತ ಒಬ್ಬ ಪ್ರೊಫೆಸರ್ ಇದ್ದ. ಒಪ್ಪಿ ಬಂದವರ ಕೈಗೆ ತಂತಿ ಹಿಡಿಸಿ, ಎಷ್ಟು ಕರೆಂಟಿಗೆ ಕೈ ಬಿಡಿಸಿಕೊಳ್ಳೋಕೆ ಆಗೋದಿಲ್ಲ ಅಂತ ಅಳೆದ. ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಿಗೆ ಹತ್ತೂವರೆ. ಆಂಪಿಯರ್ ಅಲ್ಲ ನೋಡ್ರಿ, ಮಿಲಿ ಆಂಪಿಯರ್, ಸಾವಿರದಲ್ಲೊಂದು ಭಾಗ. ನಿಮ್ಮ ಎಂಸಿಬಿ ಮೇಲೆ ಬರೆದ 16 ಏನಿದೆ, ಕೈ ಕಂಬಕ್ಕೆ ಅಂಟಿಕೊಳ್ಳೋಕೆ ಅದರ ಸಾವಿರದಲ್ಲೊಂದು ಪಾಲು ಸಾಕು. ಅದೇ ಡಾಲ್‌ಜೀಲ್ 1961ರಲ್ಲಿ ಜೀವ ಕಾಯೋ ಸಾಧನವನ್ನೂ ಮಾಡಿದ. ಅಮೆರಿಕದ ಮನೆಗಳಲ್ಲಿ ಅದು 5 ಮಿಲಿ ಆಂಪಿಯರಿನ ಆಸುಪಾಸಿಗೇ ಕಟ್ ಮಾಡ್ತದೆ. ನಮ್ಮಲ್ಲಿ ಮನೆಗೆ ಹಾಕೋದು 30 ಮಿಲಿ ಆಂಪಿಯರಿನದು, ಅದೇ ಆರ್‌ಸಿಸಿಬಿ.

ಅದರ ಒಳಗಿನ ಕೆಲಸ ಬಹಳ ಸರಳ. ಫೇಸು, ನ್ಯೂಟ್ರಲ್ಲು ಎರಡೂ ಅದರೊಳಗಿಂದಲೇ ಹೋಗ್ತಾವೆ. ಹೋದಷ್ಟೇ ವಾಪಸ್ ಬಂತೋ ಇಲ್ಲವೋ ಅಂತ ಅಷ್ಟೇ ನೋಡ್ತದೆ. ಹಾಲಿನ ಡೇರಿಯಲ್ಲಿ ಕಳಿಸಿದ ಕ್ಯಾನು, ಬಂದ ಕ್ಯಾನು ಲೆಕ್ಕ ಇಟ್ಟ ಹಾಗೆ. 30 ಮಿಲಿ ಆಂಪಿಯರ್ ಕಡಿಮೆ ಬಂತೋ, ಎಲ್ಲೋ ಸೋರಿತು, ಯಾರದೋ ಮೈಯಲ್ಲೋ ಕಂಬದಲ್ಲೋ ಹೋಯ್ತು ಅಂತ ಲೆಕ್ಕ. 0.3 ಸೆಕೆಂಡಿನೊಳಗೆ ಕಟ್. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡ್. ಅರ್ಥ್ ಎಷ್ಟು ಕೆಟ್ಟದಿದ್ದರೂ ಕೆಲಸ ಮಾಡ್ತದೆ. ಬೇಸಿಗೆಯಲ್ಲಿ ನಿಮ್ಮ ಗುಂಡಿ 200 ಓಮ್ ಆಯ್ತು ಅಂದುಕೊಳ್ರಿ, 30 ಮಿಲಿ ಆಂಪಿಯರಿಗೆ ಕಂಬದ ಮೇಲೆ ಬರೋದು 6 ವೋಲ್ಟ್. ಅದಕ್ಕಿಂತ ಮೇಲೆ ಏರೋದರೊಳಗೆ ಕಟ್ಟಾಗಿರ್ತದೆ.

ಹಾಗಂತ ಆರ್‌ಸಿಸಿಬಿ ಇದ್ದರೆ ಅರ್ಥ್ ಬೇಡ ಅಂತ ಅಲ್ಲ. ಅರ್ಥ್ ಇದ್ದರೆ ತಗಡಿಗೆ ಕರೆಂಟು ಬಂದ ಕ್ಷಣವೇ ಬೀಳ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳ್ತದೆ. ಮುಟ್ಟಿದವರು ಯಾರು ಅನ್ನೋದು ಅವತ್ತಿನ ಪುಣ್ಯ.

ಈಗ ಬ್ರೂಸ್‌ಪೇಟೆಗೆ ವಾಪಸ್ ಬರೋಣ. ನಾನು ಡಿಬಿ ಬಾಕ್ಸ್ ತೆಗೆಸಿದೆ. ನೋಡಿದರೆ ಆರ್‌ಸಿಸಿಬಿ ಅಲ್ಲೇ ಇದೆ! ಮನೆ ಕಟ್ಟಿಸುವಾಗ ಭಾವ ಹಾಕಿಸಿದ್ದು. ಆದರೆ ಅದಕ್ಕೆ ವೈರೇ ಇಲ್ಲ. ಎರಡು ಮಳೆಗಾಲದ ಹಿಂದೆ ಯಾರೋ ಅದರ ಪಕ್ಕದಿಂದ ನೇರ ಜೋಡಿಸಿ ಹೋಗಿದ್ದಾರೆ. ಅಳಿಯನನ್ನ ಕೇಳಿದರೆ, "ಹೌದು ಮಾವ, ಸುಮ್ಮ ಸುಮ್ಮನೆ ಬೀಳ್ತಿತ್ತು. ಫ್ರಿಜ್ ಆಫ್ ಆಗಿ ಹಾಲು ಕೆಡ್ತಿತ್ತು. ಅದಕ್ಕ ತೆಗೆಸಿದ್ವಿ."

ಸುಮ್ಮ ಸುಮ್ಮನೆ! ಈ ಎರಡು ಶಬ್ದಕ್ಕೇ ನನಗೆ ಸಿಟ್ಟು ಬರೋದು. ನಾಯಿ ಬೊಗಳ್ತದೆ ಅಂತ ನಾಯಿನ್ನ ಹೊಡೆದು ಓಡಿಸಿದ ಮೇಲೆ ಮನೆಯಲ್ಲಿ ಕಳ್ಳ ಇಲ್ಲ ಅಂತ ಆಯ್ತೇನು? ಭಾನುವಾರ ಕೂತು ಹುಡುಕಿದೆವು. ಆರ್‌ಸಿಸಿಬಿಗೆ ಮತ್ತೆ ವೈರ್ ಜೋಡಿಸಿ, ಮನೆಯ ಎಲ್ಲಾ ಪ್ಲಗ್ಗು ಕಿತ್ತು, ಒಂದೊಂದೇ ಹಚ್ಚುತ್ತಾ ಹೋದೆವು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಸಿಬಿ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಒಂಟಿ ಎಂಸಿಬಿ ಫೇಸನ್ನ ಮಾತ್ರ ಕಡಿತದೆ, ನ್ಯೂಟ್ರಲ್ ಅರ್ಥಿಗೆ ತಗುಲಿದ್ದರೆ ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ಬೀಳಬಹುದು. ಗೀಸರ್ ಹಚ್ಚಿದ ಕೂಡಲೇ ಟಪ್ ಅಂತ ಬಿತ್ತು. ಕಾಯಿಲ್ ಒಳಗೆ ಸೋರ್ತಾ ಇತ್ತು. ಎರಡು ವರ್ಷ ಅಕ್ಕ, ಮೊಮ್ಮಕ್ಕಳು ಅದೇ ಗೀಸರಿನ ನೀರಲ್ಲಿ ಸ್ನಾನ ಮಾಡಿದ್ದಾರೆ. ಮನೆಯ ಅರ್ಥ್ ಚೆನ್ನಾಗಿತ್ತು, ಅದಕ್ಕೆ ಉಳಿದಿದ್ದಾರೆ. ಅಕ್ಕನಿಗೆ ಇದನ್ನ ಹೇಳಿದೆ. "ನಿನ್ನ ಬಾಯಾಗ ಒಳ್ಳೇ ಮಾತು ಬರಂಗಿಲ್ಲೇನು" ಅಂದಳು. ಸಿಟ್ಟು ಅದಕ್ಕೇ.

ಬೀಳೋದಕ್ಕೆ ಇನ್ನೊಂದು ಕಾರಣ ವೈರ್‌ಮನ್‌ಗಳ ಕೈಚಳಕ. ಶೆಡ್ಡಿಗೆ ಫೇಸು ಒಂದು ಕಡೆಯಿಂದ, ನ್ಯೂಟ್ರಲ್ಲು ಹತ್ತಿರ ಸಿಕ್ಕ ಇನ್ನೊಂದು ಕಡೆಯಿಂದ ತೆಗೀತಾರೆ. ಬಲ್ಬು ಹತ್ತುತ್ತದೆ, ದುಡ್ಡು ತಗೊಂಡು ಹೋಗ್ತಾರೆ. ಆರ್‌ಸಿಸಿಬಿ ಇದ್ದರೆ ಅದು ಒಪ್ಪೋದಿಲ್ಲ, ಹೋದದ್ದೇ ಒಂದು ದಾರಿ, ಬಂದದ್ದೇ ಒಂದು ದಾರಿ ಆಗ್ತದಲ್ಲ. ಆಗ "ಮಾಲು ಸರಿ ಇಲ್ಲ ಯಜಮಾನ್ರ" ಅಂತ ಅದನ್ನೇ ಕಿತ್ತು ಹಾಕ್ತಾರೆ. ಹಳ್ಳಿಯಲ್ಲಿ ಇದಕ್ಕಿಂತ ಕೆಟ್ಟದ್ದಿದೆ. ನ್ಯೂಟ್ರಲ್ಲೇ ಇಲ್ಲದೆ, ಫೇಸ್ ಒಂದನ್ನೇ ತಂದು, ಇನ್ನೊಂದು ತುದಿಯನ್ನ ನೆಲಕ್ಕೆ ಹೂತ ಕಬ್ಬಿಣದ ಸಲಾಕೆಗೆ ಸುತ್ತಿ ಬಲ್ಬು ಹಚ್ಚೋದು. ಆ ಸಲಾಕೆಯ ಸುತ್ತ ಹಸಿ ನೆಲದಲ್ಲಿ ದನ ಕಾಲಿಟ್ಟರೆ? ದನಕ್ಕೆ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಎದೆ ನಡುವೆ. ಮನುಷ್ಯ ಜುಮ್ ಅಂದು ದಾಟಿಹೋಗೋ ಕಡೆ ದನ ಬೀಳ್ತದೆ. ಇದನ್ನ ಮಾಡಿಕೊಂಡವರು ಈ ಪೇಜ್ ಓದೋರಲ್ಲೂ ಇದ್ದೀರಿ, ನನಗೆ ಗೊತ್ತು.

"ನಮ್ಮಪ್ಪನ ಕಾಲದಿಂದ ಏನೂ ಆಗಿಲ್ಲ" ಅನ್ನೋರಿಗೆ ಒಂದು ಮಾತು. ನಿಮ್ಮಪ್ಪನ ಕಾಲದಲ್ಲಿ ಮನೆಗೊಂದು ಬಲ್ಬು, ಮರದ ಬೋರ್ಡು, ಮಣ್ಣಿನ ಗೋಡೆ, ಸೊಪ್ಪೆ ಹೊದಿಸಿದ ಕೊಟ್ಟಿಗೆ. ಇವತ್ತು ತಗಡಿನ ಶೆಡ್ಡು, ಕಬ್ಬಿಣದ ಕಂಬ, ಒದ್ದೆ ಸಿಮೆಂಟು, ಕೈಯಲ್ಲಿ ನೀರು ಹಾರಿಸೋ ಪಂಪು. ಆಗಿಲ್ಲ ಅನ್ನೋದೂ ಸುಳ್ಳು. ದೇಶದಲ್ಲಿ ಕರೆಂಟು ಹೊಡೆದು ಸಾಯೋರು ವರ್ಷಕ್ಕೆ ಹತ್ತು ಸಾವಿರದ ಮೇಲೆ ಅಂತ ಎನ್‌ಸಿಆರ್‌ಬಿ ವರದಿಗಳೇ ಹೇಳ್ತಾವೆ.

ಕಾನೂನಿನ ಮೇಲೂ ನನಗೆ ಸಿಟ್ಟಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ 61-ಎ ಅಂತ ಒಂದು ನಿಯಮ ಸೇರಿಸಿದರು: ಸೋರಿಕೆ ಕಂಡು ಕಟ್ ಮಾಡೋ ಸಾಧನ ಇರಲೇಬೇಕು ಅಂತ. ಆದರೆ 5 ಕಿಲೋವ್ಯಾಟಿಗಿಂತ ಕಡಿಮೆ ಲೋಡಿನವರಿಗೆ ರಿಯಾಯಿತಿ. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮ ಮಾಡಿದಾಗಲೂ ಸಣ್ಣ ಲೋಡಿಗೆ ರಿಯಾಯಿತಿ ಉಳಿಸಿತು. ರಿಯಾಯಿತಿ ಯಾರಿಗೆ ಸಿಕ್ಕಿತು ನೋಡ್ರಿ: ಎರಡು ರೂಮಿನ ಮನೆಯವನಿಗೆ, ಭಾಗ್ಯಜ್ಯೋತಿ ಮನೆಯವನಿಗೆ, ಕೌಲ್ ಬಜಾರಿನಲ್ಲಿ ಮನೆಯೊಳಗೇ ಹೊಲಿಗೆ ಮಷಿನ್ ಇಟ್ಟು ಜೀನ್ಸ್ ಹೊಲಿಯೋನಿಗೆ. ದೊಡ್ಡ ಬಂಗ್ಲೆಯವನ ಎದೆ ನಿಲ್ಲೋದಕ್ಕೂ ಇವನ ಎದೆ ನಿಲ್ಲೋದಕ್ಕೂ ಬೇಕಾದ ಮಿಲಿ ಆಂಪಿಯರ್ ಒಂದೇ. ಬ್ರಿಟನ್ನಿನವರು 2008ರ ವೈರಿಂಗ್ ನಿಯಮದಲ್ಲಿ ಸಾಮಾನ್ಯ ಜನ ಬಳಸೋ ಪ್ಲಗ್ಗುಗಳಿಗೆ 30 ಮಿಲಿ ಆಂಪಿಯರಿನದು ಬೇಕು ಅಂತ ಬರೆದರು. ಅಲ್ಲಿ ಮನೆ ಸಣ್ಣದೋ ದೊಡ್ಡದೋ ಅಂತ ಕೇಳಲಿಲ್ಲ.

2023ರಿಂದ ನಮ್ಮಲ್ಲಿ ಗೃಹಜ್ಯೋತಿ, 200 ಯೂನಿಟ್ ತನಕ ಬಿಲ್ಲಿಲ್ಲ. ಒಳ್ಳೇದು, ನಮ್ಮ ಮನೆಗೂ ಬರ್ತದೆ. ಕರೆಂಟು ಪುಕ್ಕಟೆ ಕೊಡೋ ಸರ್ಕಾರ ಮನೆಗೊಂದು ಆರ್‌ಸಿಸಿಬಿ ಕೊಡಬಾರದೇಕೆ? ಅದು ಬರೋ ತನಕ, ಉಳಿದ ಬಿಲ್ಲಿನ ದುಡ್ಡಲ್ಲಿ ನಾವೇ ತರಬಹುದು. ನಾನು ಮೊನ್ನೆ ಕೊಟ್ಟದ್ದು ಸಾವಿರದ ಒಂಬೈನೂರು. ಎತ್ತಿಗೆ ಆಗ ಕೊಟ್ಟಿದ್ದೆಷ್ಟು ಅಂತ ಬರೆಯೋದಿಲ್ಲ.

ಮತ್ತೆ, ಹೊಸ ಮೀಟರ್ ತಗೊಳ್ಳುವಾಗಲಾದರೂ ಕಾಂಟ್ರಾಕ್ಟರ್ ರಿಪೋರ್ಟು ಅಂತ ಒಂದು ಕಾಗದ ಇರ್ತದೆ. ಆಮೇಲೆ ಹಾಕಿಸಿದ ಶೆಡ್ಡನ್ನ ಯಾರೂ ಬಂದು ನೋಡೋದಿಲ್ಲ. ಮೀಟರಿನ ತನಕ ಅವರದು, ಮೀಟರ್ ದಾಟಿದ ಮೇಲೆ ನಮ್ಮದು.

ಅಂಗಡಿಗೆ ಹೋಗೋರಿಗೆ: ಇಎಲ್‌ಸಿಬಿ ಅಂತ ಕೇಳಿದರೂ ಇದನ್ನೇ ಕೊಡ್ತಾರೆ, ಹಳೇ ಹೆಸರು. ಆದರೆ ಮೇಲೆ 0.03 ಎ ಅಂತಲೋ 30 ಮಿಲಿ ಆಂಪಿಯರ್ ಅಂತಲೋ ಇದೆಯಾ ನೋಡ್ರಿ. "ಇದು ಬೀಳಂಗಿಲ್ಲ, ಆರಾಮ" ಅಂತ 100, 300ರದ್ದು ಕೊಡ್ತಾರೆ. ಅವು ಬೆಂಕಿ ತಡೆಯೋಕೆ, ಜೀವಕ್ಕಲ್ಲ. ಸ್ಕೂಟರ್ ಚಾರ್ಜರ್ ಇದ್ದರೆ ಟೈಪ್ ಎ ಕೇಳ್ರಿ, ಸಾದಾ ಎಸಿ ಟೈಪಿನದು ಎಲೆಕ್ಟ್ರಾನಿಕ್ ಸಾಮಾನಿನ ಸೋರಿಕೆಯನ್ನ ಕೆಲವು ಸಲ ಹಿಡಿಯೋದಿಲ್ಲ. ಎಂಸಿಬಿ ಬಿಡಬ್ಯಾಡ್ರಿ, ಆರ್‌ಸಿಸಿಬಿಗೆ ಓವರ್‌ಲೋಡ್ ಗೊತ್ತಾಗಲ್ಲ, ಎರಡೂ ಬೇಕು. ಮೇಲೆ ಟಿ ಅಂತ ಒಂದು ಬಟನ್ ಇರ್ತದೆ. ಅಮಾವಾಸ್ಯೆ ದಿನ ಟ್ರ್ಯಾಕ್ಟರಿಗೆ ನಿಂಬೆಹಣ್ಣು ಕಟ್ತೀರಲ್ಲ, ಅವತ್ತೇ ಆ ಬಟನ್ ಒತ್ತಿ. ಬೀಳದಿದ್ದರೆ ಬದಲಾಯಿಸಿ. ನಿಂಬೆಹಣ್ಣಿನ ಮೇಲೆ ನನಗೇನೂ ದ್ವೇಷ ಇಲ್ಲ.

ಇದು ಎಲ್ಲಾ ಸಾವನ್ನೂ ತಡೀತದೆ ಅಂತ ನಾನು ಹೇಳೋದಿಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬೇ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋಗಿ ಮೂವರು ಹುಡುಗರು ಲೈನಿಗೆ ತಗುಲಿ ಹೋದರಲ್ಲ, ಅಂಥದ್ದಕ್ಕೆ ಮನೆಯ ಆರ್‌ಸಿಸಿಬಿ ಏನೂ ಮಾಡೋದಿಲ್ಲ. ಅದು ಕಾಯೋದು ಅದರ ಮುಂದಿನ ವೈರನ್ನ ಮಾತ್ರ.

ಕೊನೆಗೆ ಅಳಿಯ ಒಪ್ಪಿದ. ಅಡುಗೆಮನೆ ಪ್ಲಗ್ಗಿನಿಂದಲ್ಲ, ಡಿಬಿಯಲ್ಲಿ ಮನೆಯ ಆರ್‌ಸಿಸಿಬಿಗಿಂತ ಮುಂಚೆಯೇ ಶೆಡ್ಡಿಗೆ ಬೇರೆ ಎಂಸಿಬಿ, ಬೇರೆ ಆರ್‌ಸಿಸಿಬಿ. ಶೆಡ್ಡಿನಲ್ಲಿ ಬಿದ್ದರೆ ಮನೆಯ ಫ್ರಿಜ್ ನಿಲ್ಲಬಾರದು, ಇಲ್ಲದಿದ್ದರೆ ಮತ್ತೆ ಹಾಲಿನ ನೆಪ ಹೇಳಿ ಕಿತ್ತು ಹಾಕ್ತಾರೆ. ಮೂರು ಎಳೆಯ 4 ಎಂಎಂ ತಾಮ್ರದ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳದಲ್ಲಿ, ಕೆಳಗೆ ಮೇಲೆ ಮರಳು, ಅದರ ಮೇಲೆ ಒಂದು ಸಾಲು ಇಟ್ಟಿಗೆ. ಶೆಡ್ಡಿಗೆ ಹೊಸ ಅರ್ಥ್ ಗುಂಡಿ, ಮನೆಯ ಅರ್ಥಿಗೂ ಜೋಡಣೆ. ತಗಡಿಗೂ ಎಲ್ಲಾ ಕಂಬಕ್ಕೂ ಅದೇ ಅರ್ಥಿನ ವೈರು ಬೋಲ್ಟ್ ಹಾಕಿ ಬಿಗಿಯೋದು. ಒಳಗೆ ಫೇಸು ನ್ಯೂಟ್ರಲ್ ಎರಡೂ ಕಡಿಯೋ ಸ್ವಿಚ್ಚು. ಕೆಲಸಕ್ಕೆ ಪರ್ಮಿಟ್ ಇರೋ ಬೇರೆ ವೈರ್‌ಮನ್ನು. ಮೊದಲಿನವನು "ಇಷ್ಟು ಖರ್ಚಿಗೆ ಇನ್ನೊಂದು ಶೆಡ್ಡೇ ಆಗ್ತಿತ್ತು" ಅಂತ ಹೇಳಿ ಹೋದ. ಹೋಗಲಿ.

ಗುಂಡಿ ತೋಡೋದು ಶುಕ್ರವಾರ. ಗೀಸರ್ ಕಾಯಿಲ್ ಬದಲಾಗೋ ತನಕ ಅಕ್ಕನ ಮನೆಯಲ್ಲಿ ಒಲೆ ನೀರೇ. ನಿಮ್ಮ ಡಿಬಿ ಬಾಕ್ಸಿನ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕ್ರಿ, ಆರ್‌ಸಿಸಿಬಿಗೆ ವೈರು ಇದೆಯೋ ಇಲ್ಲವೋ ಮಗನ ಕೈಲಿ ನೋಡಿಸಿ ಹೇಳ್ತೀನಿ. ಕಾಂಡಕೊರಕದ್ದು ಬುಧವಾರ.